ಬೇಲಿ ಇಲ್ಲದ ಹುಲ್ಲು

ಮಾರ್ಚ್ 23, ಶನಿವಾರ

ಇದನ್ನು ಬರೆಯದೇ ಹೋದರೆ ಯಾರ ಹತ್ತಿರವಾದರೂ ಹೇಳಿಬಿಡುತ್ತೇನೆ. ಒಬ್ಬರ ಹತ್ತಿರ ಹೇಳಿದರೆ ಸೋಮವಾರದೊಳಗೆ ಗುಡ್ಡದ ತುದಿಯಿಂದ ನದಿಯವರೆಗೂ ಸುದ್ದಿ ಇಳಿದಿರುತ್ತದೆ. ಆದ್ದರಿಂದ ಬರೆಯುವುದೇ ವಾಸಿ.

ಡೆಸ್‌ಗೆ ಸೊಂಟದ ಕೀಲು ಬದಲಾಯಿಸಿದ್ದಾರೆ. ಇವತ್ತು ಆಸ್ಪತ್ರೆಗೆ ಹೋದಾಗ ದಿಂಬಿಗೆ ಒರಗಿ ಕೂತಿದ್ದ. ಮುಖದಲ್ಲಿ ಬಣ್ಣ ಬಂದಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ, ಮಂಪರು ಪೂರ್ತಿ ಇಳಿದ ಮೇಲೆ ನನಗೆ ಹೇಳಿದ ಮೊದಲ ಮಾತು ಇದು:

"ಲೋರ್ನಾ, ಐಲ್ಸಾ ಕಡೆಗೂ ನೀರು ಹಾಕ್ತಿದ್ದೀಯ ತಾನೇ?"

ತಂದಿದ್ದ ದ್ರಾಕ್ಷಿಯನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಜೋರಾಗಿಯೇ ಇಟ್ಟೆ.

ಐಲ್ಸಾ ನಮ್ಮ ಪಕ್ಕದ ಮನೆಯವಳು. ಅವಳ ಗಂಡ ಲೆನ್ ತೀರಿಕೊಂಡ ವಾರ ಡೆಸ್ ಮೋವರ್ ತಳ್ಳಿಕೊಂಡು ಹೋಗಿ ಅವಳ ಮನೆ ಮುಂದಿನ ಹುಲ್ಲು ಕತ್ತರಿಸಿ ಬಂದ. ನೆರೆಹೊರೆ ಅಂದಮೇಲೆ ಅಷ್ಟು ಮಾಡಬೇಕು, ನಾನೇ ಹೋಗು ಅಂದಿದ್ದೆ. ಒಂದು ಸಲ ಹೋಗು ಅಂದಿದ್ದೆ. ಹನ್ನೊಂದು ವರ್ಷ ಆಯಿತು, ಇನ್ನೂ ಹೋಗುತ್ತಲೇ ಇದ್ದಾನೆ. ಪ್ರತಿ ಶನಿವಾರ ಮೊದಲು ಅವಳದು, ಆಮೇಲೆ ನಮ್ಮದು. ವಾಪಸ್ ಬರುವಾಗ ಕೈಯಲ್ಲಿ ನೀಲಿ ಅಂಚಿನ ತಟ್ಟೆ, ತಟ್ಟೆಯಲ್ಲಿ ಸ್ಪಂಜ್ ಕೇಕು, ನಡುವೆ ಕ್ರೀಮು, ಮೇಲೆ ಪ್ಯಾಶನ್ ಹಣ್ಣಿನ ರಸ. ತಟ್ಟೆಯನ್ನು ಖಾಲಿ ಕೊಡಬಾರದು ಅಂತ ನಮ್ಮಮ್ಮ ಕಲಿಸಿದ ತಪ್ಪಿಗೆ, ಅದರಲ್ಲಿ ನಮ್ಮ ಗಿಡದ ನಿಂಬೆಹಣ್ಣು ಹಾಕಿ ಕಳಿಸುವ ಭಾಗ್ಯ ಮಾತ್ರ ನನ್ನದು.

ಕತ್ತರಿಸಿದ ಮೇಲೆ ಇಬ್ಬರೂ ನಿಂತು ಮಾತಾಡುತ್ತಾರೆ. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ. ಟೀ ಎರಡು ಸಲ ಆರಿಹೋಗುವಷ್ಟು ಹೊತ್ತು.

"ಏನು ಮಾತಾಡ್ತೀರಿ ಅಷ್ಟು ಹೊತ್ತು?" ಅಂತ ಒಮ್ಮೆ ಕೇಳಿದ್ದೆ.

"ಹುಲ್ಲಿನ ಬಗ್ಗೆ," ಅಂದ.

ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಲ್ಲ.

ಮಾರ್ಚ್ 24, ಭಾನುವಾರ

ನಮ್ಮ ಎರಡು ಮನೆಗಳ ಮುಂದಿನ ಅಂಗಳದ ನಡುವೆ ಬೇಲಿ ಇಲ್ಲ. ನಮ್ಮ ಟಪಾಲು ಡಬ್ಬಿಯಿಂದ ಗೋಡೆ ಮೂಲೆಯ ನಲ್ಲಿಗೆ ಒಂದು ಗೆರೆ ಎಳೆದುಕೊಂಡರೆ ಮೇಲಿನದು ನಮ್ಮದು, ಇಳಿಜಾರಿನ ಕೆಳಗಿನದು ಐಲ್ಸಾಳದು. ಜನವರಿಯಲ್ಲಿ, ಅಂದರೆ ಭೂಮಿಯ ಈ ದಕ್ಷಿಣದ ತುದಿಯ ನಮ್ಮ ಬೇಸಿಗೆಯಲ್ಲಿ, ಕೊಳಚೆ ಪೈಪು ಬದಲಿಸುವವರು ಬಂದು ಎರಡೂ ಕಡೆ ಅಗೆದು, ಹಳೇ ಹುಲ್ಲನ್ನೆಲ್ಲ ಮಣ್ಣುಪಾಲು ಮಾಡಿ ಹೋದರು.

ಆಪರೇಷನ್ನಿಗೆ ಹಿಂದಿನ ವಾರ ಡೆಸ್ ಕುಂಟಿಕೊಂಡೇ ಕಲ್ಲು ಆರಿಸಿದ, ಮಣ್ಣು ಸಮ ಮಾಡಿದ, ಬೀಜ ಚೆಲ್ಲಿದ. ಮೊದಲು ಯಾವ ಕಡೆ ಚೆಲ್ಲಿದ ಅಂತ ಬರೆಯಬೇಕೇ? ನಮ್ಮ ಕಡೆಗೆ ಬರುವ ಹೊತ್ತಿಗೆ ಕಾಲು ನೋವು ಅಂತ ಕೂತುಬಿಟ್ಟ. ನಮ್ಮದು ಮಾರನೆಯ ದಿನ ಆಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ.

ಮದುವೆಯಾದಾಗಿನಿಂದ ನನಗೆ ಮೋವರಿನ ಹಿಡಿ ಮುಟ್ಟಲು ಬಿಟ್ಟವನಲ್ಲ. ಕೇಳಿದರೆ "ಅದು ನಿನ್ನ ಕೈಲಾಗಲ್ಲ ಬಿಡು" ಅನ್ನುತ್ತಿದ್ದ. ಈಗ ಇಡೀ ಅಂಗಳವನ್ನು ನನ್ನ ಕೈಗೆ ಕೊಟ್ಟು ಮಲಗಿದ್ದಾನೆ. ನೀರು ಮಂಜಿನ ಹಾಗೆ ಬೀಳಬೇಕಂತೆ. ಮಣ್ಣು ಒಣಗಬಾರದಂತೆ, ಮೇಲೆ ಕಾಲಿಡಬಾರದಂತೆ. ಐಲ್ಸಾಳ ಕಡೆಗೂ ಅಷ್ಟೇ ಅಂತೆ.

ಗೆರೆಯ ಆಚೆ ಒಂದು ಹನಿಯೂ ಹಾಕುವುದಿಲ್ಲ. ಕೇಳಿದರೆ ಹಾಕಿದೆ ಅನ್ನುತ್ತೇನೆ.

ಮಾರ್ಚ್ 27, ಬುಧವಾರ

ಮಂಜಿನ ಹಾಗೆ ನೀರು ಬಿಡುತ್ತಾ ನಿಲ್ಲಲು ನನಗೆ ಪುರುಸೊತ್ತಿಲ್ಲ, ಆಸ್ಪತ್ರೆಗೆ ಓಡಬೇಕು. ನಲ್ಲಿ ಪೂರ್ತಿ ತಿರುಗಿಸಿ ಬಿಟ್ಟೆ. ಜಾಸ್ತಿ ಕುಡಿದರೆ ಬೇಗ ಬರುತ್ತದೆ. ನಮ್ಮ ಕಡೆಯದೇ ಮೊದಲು ಹಸಿರಾಗಬೇಕು, ಅವನು ಮನೆಗೆ ಬಂದಾಗ ನೋಡಬೇಕು.

ಐಲ್ಸಾ ಹೊರಗೆ ಬಂದಳು. ನೀಲಿ ಸ್ವೆಟರು, ಬಾಚಿದ ತಲೆ. ಹೂಗಿಡಕ್ಕೆ ಹಾಕುವ ಪುಟ್ಟ ಕ್ಯಾನಿನಲ್ಲಿ ತನ್ನ ಕಡೆಗೆ ನೀರು ಚಿಮುಕಿಸಿದಳು, ಮತ್ತೆ ತುಂಬಿಸಿದಳು, ಮತ್ತೆ ಚಿಮುಕಿಸಿದಳು. ಯಾರನ್ನು ಮೆಚ್ಚಿಸುವುದಕ್ಕೋ, ಅವನು ಆಸ್ಪತ್ರೆಯಲ್ಲಿದ್ದಾನೆ.

"ಡೆಸ್ ಹೇಗಿದ್ದಾನೆ?" ಅಂದಳು.

"ನನ್ನ ಗಂಡ ಚೆನ್ನಾಗಿದ್ದಾನೆ," ಅಂದೆ.

ಮಾರ್ಚ್ 30, ಶನಿವಾರ

ಡೆಸ್ ಮನೆಗೆ ಬಂದ. ಮುಂದಿನ ಮೆಟ್ಟಿಲು ಹತ್ತಲಾಗದು ಅಂತ ಹಿಂಬಾಗಿಲಿನಿಂದ ಕರೆತಂದು ಹಿಂದಿನ ಕೋಣೆಯಲ್ಲೇ ಮಂಚ ಹಾಕಿದೆ. ಅಲ್ಲಿಂದ ಮುಂದಿನ ಅಂಗಳ ಕಾಣುವುದಿಲ್ಲ. ಅದು ನನ್ನ ತಪ್ಪಲ್ಲ.

ಮಧ್ಯಾಹ್ನ ಐಲ್ಸಾ ನೋಡಲು ಬಂದಳು. ಕೈಯಲ್ಲಿ ಒಂದು ಹಳೇ ಪತ್ರಿಕೆ, ಅಷ್ಟೇ. ಡೆಸ್ ಮೊದಲು ಅವಳ ಕೈ ನೋಡಿದ, ಆಮೇಲೆ ಅವಳ ಹಿಂದೆ ನೋಡಿದ, ತಟ್ಟೆಯನ್ನು ಎಲ್ಲಾದರೂ ಇಟ್ಟು ಬಂದಿದ್ದಾಳೇನೋ ಅನ್ನುವ ಹಾಗೆ. ಅವನ ಮುಖ ಸಪ್ಪಗಾಯಿತು. ನನಗೆ ಖುಷಿಯಾಗಬೇಕಿತ್ತು, ಉರಿದುಹೋಯಿತು.

ಏಪ್ರಿಲ್ 6, ಶನಿವಾರ

ಹುಲ್ಲು ಬಂದಿದೆ. ಅವಳ ಕಡೆ.

ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಗೆರೆಯಿಂದ ಕೆಳಗೆ ಮಣ್ಣಿನ ಮೇಲೆ ಎಳೆ ಹಸಿರು ಹೊದಿಸಿದ ಹಾಗಿದೆ. ಗೆರೆಯಿಂದ ಮೇಲೆ ಬೋಳು. ಅಲ್ಲಲ್ಲಿ ನಾಲ್ಕು ಎಳೆ, ಅಜ್ಜನ ತಲೆಯ ಹಾಗೆ.

ಅವಳ ಕಡೆ ಮೊದಲು ಬೀಜ ಬಿತ್ತು, ಅದಕ್ಕೇ ಇರಬೇಕು. ಅಥವಾ ಒಳ್ಳೇ ಬೀಜವೆಲ್ಲ ಅವಳ ಕಡೆಗೇ ಬಿತ್ತೇನೋ. ನಮಗೆ ಚೀಲದ ತಳ.

ಏಪ್ರಿಲ್ 8, ಸೋಮವಾರ

ನಮ್ಮ ಕಡೆ ಏನೂ ಇಲ್ಲ. ನೀರು ಇನ್ನೂ ಜೋರಾಗಿ ಬಿಟ್ಟೆ.

ಏಪ್ರಿಲ್ 10, ಬುಧವಾರ

"ಹುಲ್ಲು ಬಂತಾ?" ಅಂತ ಡೆಸ್ ಕೇಳಿದ.

"ಬಂತು."

"ಎರಡೂ ಕಡೆ?"

"ಎರಡೂ ಕಡೆ. ಕಾರ್ಪೆಟ್ ಹಾಸಿದ ಹಾಗಿದೆ."

"ನಂಗೊತ್ತಿತ್ತು," ಅಂದು ಕಣ್ಣು ಮುಚ್ಚಿದ. "ವಾಕರ್ ಹಿಡ್ಕೊಂಡು ಅಡುಗೆಮನೆವರೆಗೂ ಬರೋ ಹಾಗೆ ಆದ್ರೆ ಸಾಕು. ಕಿಟಕಿಯಿಂದ ನೋಡ್ತೀನಿ."

ವ್ಯಾಯಾಮ ಹೇಳಿಕೊಡುವ ಹುಡುಗಿ ವಾರಕ್ಕೆರಡು ಸಲ ಬರುತ್ತಾಳೆ. ಇನ್ನೆರಡು ವಾರದಲ್ಲಿ ಅಡುಗೆಮನೆ ತಲುಪುತ್ತಾನೆ ಅಂದಳು. ಪಾಪ, ಅವಳಿಗೆ ನನ್ನ ಮುಖ ಯಾಕೆ ಹಾಗಾಯಿತೋ ಅರ್ಥವಾಗಿರಲಿಕ್ಕಿಲ್ಲ.

ಏಪ್ರಿಲ್ 13, ಶನಿವಾರ

ಇವತ್ತು ಮಾಡಿದ್ದನ್ನು ಇಲ್ಲಿ ಬರೆದು ಇಲ್ಲಿಗೇ ಬಿಡುತ್ತೇನೆ.

ಡೆಸ್‌ಗೆ ಊಟ ಸೇರುತ್ತಿಲ್ಲ. ಮಾತ್ರೆಗೆ ಬಾಯಿ ಕೆಟ್ಟಿದೆ. ಕುರಿಮಾಂಸ ಹುರಿದೆ, ಆಲೂಗಡ್ಡೆ ಬೇಯಿಸಿ ಹಿಸುಕಿ ಕೊಟ್ಟೆ, ಎರಡು ತುತ್ತು ತಿಂದು ತಟ್ಟೆ ಸರಿಸಿದ. "ಇವತ್ತು ಶನಿವಾರ ಅಲ್ವಾ? ಐಲ್ಸಾ ಕೇಕ್ ಒಂದು ಚೂರು ಸಿಕ್ಕಿದ್ರೆ ತಿಂತಿದ್ದೆ ನೋಡು," ಅಂದ.

ನನಗೆ ಸ್ಪಂಜ್ ಮಾಡಲು ಬರುವುದಿಲ್ಲ ಅಂತಲ್ಲ. ಒಂದು ಕಾಲದಲ್ಲಿ ಚರ್ಚಿನ ಮಾರಾಟಕ್ಕೆ ನನ್ನದೇ ಹೋಗುತ್ತಿತ್ತು. ಅವಳ ಕೇಕು ನಮ್ಮನೆಗೆ ಬರಲು ಶುರುವಾದ ಮೇಲೆ, ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲದ ಅದರ ಎತ್ತರ ನೋಡಿ, ನಾನು ಮಾಡುವುದನ್ನೇ ಬಿಟ್ಟೆ. ಮೊಟ್ಟೆ ಮತ್ತು ಸಕ್ಕರೆ ಬಡಿಯುವ ಬಟ್ಟಲು ಕಪಾಟಿನ ಹಿಂದೆ ಎಲ್ಲೋ ಹೋಗಿತ್ತು. ಇವತ್ತು ಅದನ್ನು ತೆಗೆದೆ. ಬಾಗಿಲು ಹಾಕಿಕೊಂಡು ಕೇಕು ಮಾಡಿದೆ. ಒಂದು ಕಡೆ ಸ್ವಲ್ಪ ಇಳಿಯಿತು. ಕ್ರೀಮು ಹಚ್ಚಿ, ರಸ ಸುರಿದು, ನಮ್ಮಲ್ಲೇ ಉಳಿದಿದ್ದ ಅವಳ ನೀಲಿ ಅಂಚಿನ ತಟ್ಟೆಯಲ್ಲಿ ಇಟ್ಟು ಒಯ್ದೆ.

"ಐಲ್ಸಾ ಕಳಿಸಿದಳು," ಅಂದೆ. ಅವನ ಮುಖ ನೋಡಬೇಕಿತ್ತು, ಅಷ್ಟೇ.

ನೋಡಿದೆ. ಎರಡು ಚೂರು ತಿಂದ. ಬೆರಳಿನಿಂದ ಕ್ರೀಮು ಸವರಿ ತಿಂದ.

"ಎಷ್ಟು ವರ್ಷದಿಂದ ತಿಂತಿದ್ದೀನಿ, ಈ ಸಲದ್ದು ಎಲ್ಲಕ್ಕಿಂತ ಚೆನ್ನಾಗಿದೆ ಲೋರ್ನಾ. ಆ ಕೈ ಆ ಕೈಯೇ."

ಆ ಕೈ ಅವನ ಎದುರಿಗೇ ಎಪ್ರನ್ನಿಗೆ ಒರೆಸಿಕೊಳ್ಳುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ. ನಾನು ಮಾಡಿದ ಕೇಕಿನ ಮೇಲೆ ನನಗೇ ಹೊಟ್ಟೆಕಿಚ್ಚಾಗಿ ಅಡುಗೆಮನೆಗೆ ಬಂದು ಉಳಿದ ಚೂರನ್ನು ನಿಂತೇ ತಿಂದೆ. ಚೆನ್ನಾಗಿತ್ತು, ಅದು ಇನ್ನೂ ಸಂಕಟ.

ಏಪ್ರಿಲ್ 15, ಸೋಮವಾರ

ನೀರು ಹಾಕುತ್ತಿದ್ದೆ. ಐಲ್ಸಾ ಗೆರೆಯ ಹತ್ತಿರ ಬಂದು ನಿಂತಳು.

"ಲೋರ್ನಾ, ಒಂದು ಮಾತು ಹೇಳಲಾ? ಸಿಟ್ಟಾಗಬೇಡ."

ಸಿಟ್ಟಾಗಬೇಡ ಅಂದರೆ ಅರ್ಧ ಸಿಟ್ಟು ಅಲ್ಲೇ ಬರುತ್ತದೆ. "ಹೇಳು," ಅಂದೆ.

"ನೀರು ಇಷ್ಟು ಜೋರಾಗಿ ಬಿಟ್ರೆ ಬೀಜ ಕೊಚ್ಕೊಂಡು ಹೋಗುತ್ತೆ. ಇಳಿಜಾರಲ್ವಾ? ನಿನ್ನ ಬೀಜ ಎಲ್ಲ ನನ್ನ ಕಡೆ ಬಂದಿದೆ ನೋಡು."

ನೋಡಿದೆ. ಗೆರೆಯ ಉದ್ದಕ್ಕೂ ಅವಳ ಕಡೆ ಹುಲ್ಲು ಹಲ್ಲುಜ್ಜುವ ಬ್ರಶ್ಶಿನ ಹಾಗೆ ಒತ್ತೊತ್ತಾಗಿ ಎದ್ದಿತ್ತು. ಅಷ್ಟೂ ನಮ್ಮದು. ಇಷ್ಟು ದಿನ ನಾನೇ ನಿಂತು, ನೀರಿನ ಬಿಲ್ಲು ಕಟ್ಟಿ, ನನ್ನ ಗಂಡ ಬಿತ್ತಿದ್ದನ್ನು ಅವಳ ಮನೆಗೆ ಸಾಗಿಸಿದ್ದೇನೆ.

"ನನ್ನ ಕಡೆ ಒತ್ತಾಗಿರೋದನ್ನ ಕಿತ್ತು ನಿನ್ನ ಕಡೆ ನೆಡೋಣ. ಬದುಕುತ್ತೆ," ಅಂದಳು.

"ಬೇಡ. ನಮಗೇನು ಭಿಕ್ಷೆ ಬೇಡ," ಅಂದೆ.

"ಭಿಕ್ಷೆ ಎಲ್ಲಿ ಬಂತು, ನಿಂದೇ ಹುಲ್ಲು."

ನಲ್ಲಿ ನಿಲ್ಲಿಸಿ ಒಳಗೆ ಬಂದುಬಿಟ್ಟೆ.

ಏಪ್ರಿಲ್ 17, ಬುಧವಾರ

ಡೆಸ್ ವಾಕರ್ ಹಿಡಿದು ಹಾಲ್‌ವರೆಗೆ ಬಂದ. ಅಡುಗೆಮನೆ ಬಾಗಿಲಿಗೆ ಇನ್ನು ನಾಲ್ಕೇ ಹೆಜ್ಜೆ. "ಇವತ್ತಿಗೆ ಸಾಕು ಡೆಸ್, ಸುಸ್ತಾಗುತ್ತೆ," ಅಂತ ತಿರುಗಿಸಿ ಕಳಿಸಿದೆ.

ಆಮೇಲೆ ಹೋಗಿ ಐಲ್ಸಾಳ ಬಾಗಿಲು ತಟ್ಟಿದೆ. ಇಷ್ಟು ವರ್ಷದಲ್ಲಿ ನಾನಾಗಿ ಹೋಗಿ ತಟ್ಟಿದ್ದು ಯಾವಾಗ ಅಂತ ನೆನಪಿಗೆ ಬರಲಿಲ್ಲ.

"ಚಮಚ ತರಲಾ, ಚಾಕು ತರಲಾ?" ಅಂದೆ.

"ಚಮಚ," ಅಂದಳು. ಇನ್ನೊಂದು ಮಾತು ಅಂದಿದ್ದರೆ ವಾಪಸ್ ಬಂದುಬಿಡುತ್ತಿದ್ದೆ.

ಏಪ್ರಿಲ್ 20, ಶನಿವಾರ

ಮಂಡಿಯ ಕೆಳಗೆ ಹಳೇ ದಿಂಬು ಹಾಕಿಕೊಂಡು ದಿನಾ ಬೆಳಗ್ಗೆ ಕೂರುತ್ತೇವೆ. ಓಡಾಡಲು ಮಣ್ಣಿನ ಮೇಲೆ ಹಲಗೆ ಹಾಸಿದ್ದೇವೆ. ಬೇರಿನ ಕೆಳಗೆ ಚಮಚ ಇಳಿಸಿ, ಮಣ್ಣಿನ ಸಮೇತ ಒಂದು ಹಿಡಿ ಎತ್ತಬೇಕು. ನಮ್ಮ ಕಡೆ ಗುಳಿ ಮಾಡಿ ಕೂರಿಸಿ, ಬೆರಳಿನಿಂದ ಸುತ್ತ ಅದುಮಬೇಕು. ನಡುವೆ ಉಳಿದ ಬೋಳಿಗೆ ಹೊಸ ಬೀಜ, ಮೇಲೆ ಜರಡಿ ಹಿಡಿದ ಮಣ್ಣು. ಗುಬ್ಬಿಗಳು ಬರದ ಹಾಗೆ ಹಳೇ ಹಾಡಿನ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟೆವು. ಡೆಸ್‌ನ ಸಿಡಿಗಳು.

ಐಲ್ಸಾಳ ಬೆರಳು ನನ್ನವಕ್ಕಿಂತ ಚುರುಕು. ಅದು ನನಗೆ ಇಷ್ಟವಾಗಲಿಲ್ಲ. ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ನಾನೂ ಮುಗಿಸಬೇಕು ಅಂತ ಹಟ ಹಿಡಿದೆ, ಬೆನ್ನು ಹಿಡಿದುಕೊಂಡಿತು.

"ಓಟದ ಪಂದ್ಯ ಅಲ್ಲ ಕಣೇ," ಅಂದಳು.

"ಮತ್ತೆ ನೀನ್ಯಾಕೆ ಓಡ್ತಿದ್ದೀಯ?"

ನಕ್ಕಳು. ನಗುವಾಗ ಮುಂದಿನ ಹಲ್ಲು ಒಂದು ಸೊಟ್ಟ. ಅಷ್ಟು ವರ್ಷ ಕಿಟಕಿಯಿಂದ ನೋಡಿದ್ದೆ, ಇದು ಕಂಡಿರಲಿಲ್ಲ.

ಏಪ್ರಿಲ್ 28, ಭಾನುವಾರ

ಡೆಸ್ ಅಡುಗೆಮನೆ ಕಿಟಕಿ ತಲುಪಿದ. ತುಂಬ ಹೊತ್ತು ನೋಡಿದ.

"ನಮ್ಮ ಕಡೆ ಸ್ವಲ್ಪ ತೇಪೆ ಹಾಕಿದ ಹಾಗಿದೆ."

"ಹೊಸ ಹುಲ್ಲು ಹಾಗೇ ಇರೋದು," ಅಂದೆ.

"ಎತ್ತರ ಆಗಿದೆ. ಮೊದಲ ಕೊಯ್ಲು ಈಗಲೇ ಆಗಬೇಕಿತ್ತು. ಇರಲಿ, ನಾನು ಎದ್ದ ಮೇಲೆ ಮಾಡ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟೋದು ಬೇಡ."

ಅವನು ಎದ್ದು ಮೋವರ್ ಹಿಡಿಯುವಷ್ಟರಲ್ಲಿ ಹುಲ್ಲು ಮಂಡಿಗೆ ಬಂದು ಬುಡ ಹಳದಿಯಾಗಿರುತ್ತದೆ. ಕಷ್ಟಪಟ್ಟವರು ನಾವು.

ಮೇ 4, ಶನಿವಾರ

ಐಲ್ಸಾ ಕರೆದಳು ಅಂತ ಅವಳ ಹಿತ್ತಲಿನ ಶೆಡ್ಡಿಗೆ ಹೋದೆ. ಒಂದು ಮೂಲೆಯಲ್ಲಿ ಕಂಬಳಿ ಹೊದಿಸಿದ್ದ ಏನನ್ನೋ ಎಳೆದಳು. ಲೆನ್‌ನ ಹಳೇ ಮೋವರು. ಎಂಜಿನ್ ಇಲ್ಲ, ಕೈಯಲ್ಲೇ ತಳ್ಳುವುದು, ಉರುಳೆಗೆ ಸುತ್ತಿಕೊಂಡ ಬ್ಲೇಡುಗಳು. ಒಂದು ಚೂರು ತುಕ್ಕಿಲ್ಲ.

"ಡೆಸ್‌ದು ಭಾರ, ಎಳೆ ಹುಲ್ಲನ್ನ ಬೇರು ಸಮೇತ ಎಳೆದುಬಿಡುತ್ತೆ. ಇದಾದ್ರೆ ಕತ್ತರಿ ಹಿಡಿದ ಹಾಗೆ ತುದಿ ಮಾತ್ರ ಕತ್ತರಿಸುತ್ತೆ," ಅಂದಳು.

"ಇಷ್ಟು ಚೆನ್ನಾಗಿ ಯಾರು ಇಟ್ಟಿದ್ದು?"

"ನಾನೇ. ಪ್ರತಿ ವರ್ಷ ಎಣ್ಣೆ ಹಾಕ್ತೀನಿ." ಹಿಡಿಯ ಮೇಲೆ ಕೈ ಸವರಿದಳು. "ಲೆನ್ ಇದ್ದಾಗ ಮುಟ್ಟೋಕೆ ಬಿಡ್ತಿರಲಿಲ್ಲ. ಅವನು ಹೋದ ಮೇಲೆ ಇನ್ನು ಇದೊಂದಾದ್ರೂ ನಂದು ಅಂದ್ಕೊಂಡೆ. ಆ ಶನಿವಾರ ಬೆಳಗ್ಗೆ ಬೂಟ್ಸ್ ಹಾಕ್ಕೊಂಡು ಬಾಗಿಲು ತೆಗೀತೀನಿ, ನಿನ್ನ ಗಂಡ ಆಗಲೇ ಅರ್ಧ ಮುಗಿಸಿದ್ದ."

"ಬೇಡ ಅನ್ನಬೇಕಿತ್ತು."

"ಹೇಗೆ ಅನ್ನಲಿ? ಬೆವರು ಒರೆಸ್ಕೊಂಡು ನಗ್ತಾ ನಿಂತಿದ್ದ. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಆಮೇಲೆ ಅದರ ಮುಂದಿನ ವಾರ. ಹಾಗೇ ಹನ್ನೊಂದು ವರ್ಷ ಹೋಯ್ತು. ಕತ್ತರಿಸಿದ ಮೇಲೆ ನಿಂತು ಹುಲ್ಲಿನ ಬಗ್ಗೆ ಹೇಳ್ತಾನೆ ಹೇಳ್ತಾನೆ ಹೇಳ್ತಾನೆ, ನಂಗೆ ಕಾಲು ನೋವು."

"ಮತ್ತೆ ಆ ಕೇಕು?"

"ಪುಕ್ಕಟೆ ಮಾಡಿಸ್ಕೊಂಡ ಹಾಗೆ ಆಗಬಾರದಲ್ಲ." ಕಂಬಳಿ ಮಡಿಸುತ್ತಾ ಹೇಳಿದಳು. "ಅದೂ ನಾನು ಮಾಡಿದ್ದಲ್ಲ ಕಣೇ. ನದಿ ಆಚೆ ಬೇಕರಿದು. ಶುಕ್ರವಾರ ತಂದು, ಡಬ್ಬ ಎಸೆದು, ತಟ್ಟೆಗೆ ಹಾಕಿ ಇಡ್ತಿದ್ದೆ. ನಂಗೆ ಮೊಟ್ಟೆ ಬೇಯಿಸೋಕೂ ನೆಟ್ಟಗೆ ಬರಲ್ಲ. ನಿನ್ನ ನಿಂಬೆಹಣ್ಣು ಬರುತ್ತಲ್ಲ ಅಂತ ಸುಮ್ಮನಿದ್ದೆ. ಅದು ಇಷ್ಟ ನಂಗೆ."

ನನಗೆ ಹೇಗಾಗಬೇಕಿತ್ತು? ಎದೆ ಹಗುರಾಗಬೇಕಿತ್ತು. ಆದರೆ ಮೈಯೆಲ್ಲ ಉರಿಯಿತು. ಸೊಂಟದ ಕೀಲು ಸವೆಯುವ ಹಾಗೆ ನನ್ನ ಗಂಡ ಬಿಸಿಲಲ್ಲಿ ಮೋವರ್ ತಳ್ಳಿದ್ದು ಇವಳಿಗೆ ಬೇಡವಾಗಿತ್ತಂತೆ. ಅವನ ಮಾತು ಕೇಳಿದರೆ ಕಾಲು ನೋವಂತೆ. ಅವನಲ್ಲಿ ಏನು ಕೊರತೆ?

"ಅವನಿಗೆ ಹೇಳಬೇಕಿತ್ತು ನೀನು," ಅಂದೆ. ಮೋವರ್ ಅಲ್ಲೇ ಬಿಟ್ಟು ಬಂದೆ.

ಮೇ 5, ಭಾನುವಾರ

ಹೊರಗೆ ಹೋಗಲಿಲ್ಲ. ಡೆಸ್‌ಗೆ ಸೂಪು ಮಾಡಿದೆ. ಅವನು ಎರಡು ಸಲ ಕೇಳಿದ, ಐಲ್ಸಾ ಕೇಕ್ ಮತ್ತೆ ಕಳಿಸಲಿಲ್ವಾ ಅಂತ.

ಮೇ 6, ಸೋಮವಾರ

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಬೇಕರಿ ಅಂತ ನೆನಪಾಯಿತು. ಹನ್ನೊಂದು ವರ್ಷ ನಾನು ಕರುಬಿದ್ದು ಒಂದು ಬೇಕರಿಯ ಮೇಲೆ. ಆ ಏರುಪೇರಿಲ್ಲದ ಎತ್ತರ ಯಂತ್ರದ್ದು. ನಗು ಬಂತು, ತಡೆಯಲಾಗಲಿಲ್ಲ, ಸಿಂಕು ಹಿಡಿದುಕೊಂಡು ನಕ್ಕೆ.

"ಏನಾಯ್ತು?" ಅಂತ ಡೆಸ್ ಒಳಗಿನಿಂದ ಕೂಗಿದ.

"ಏನಿಲ್ಲ."

ಅಂದರೆ ಆವತ್ತು "ಎಲ್ಲಕ್ಕಿಂತ ಚೆನ್ನಾಗಿದೆ" ಅಂದನಲ್ಲ, ನಾನು ಮಾಡಿದ್ದು ಬೇಕರಿಯದಕ್ಕಿಂತ ನಿಜವಾಗಿ ಚೆನ್ನಾಗಿತ್ತು.

ಹೇಳಿಬಿಡಲೇ ಅನ್ನಿಸಿತು. ಕೋಣೆಯ ಬಾಗಿಲವರೆಗೂ ಹೋದೆ. ಅವನು ಮಂಚದ ಅಂಚಿನಲ್ಲಿ ಕೂತು, ಆ ಹುಡುಗಿ ಹೇಳಿಕೊಟ್ಟ ಹಾಗೆ ಕಾಲು ಎತ್ತುತ್ತಾ ಇಳಿಸುತ್ತಾ, ಹಲ್ಲು ಕಚ್ಚಿಕೊಂಡು ಎಣಿಸುತ್ತಿದ್ದ. ಯಾಕೆ ಇಷ್ಟು ಅವಸರ ಅಂದರೆ, ಶನಿವಾರಗಳು ಹಾಳಾಗುತ್ತಿವೆ ಅಂದ. ಅವಳಿಗೆ ಅವನು ಬೇಡವಾಗಿದ್ದ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಹೇಳಲಿಲ್ಲ. ಒಂದು ಚೀಲ ನಿಂಬೆಹಣ್ಣು ಕಿತ್ತು ಐಲ್ಸಾಳ ಬಾಗಿಲ ಹೊರಗೆ ಇಟ್ಟು ಬಂದೆ.

ಮೇ 11, ಶನಿವಾರ

ಇವತ್ತು ಮೊದಲ ಕೊಯ್ಲು.

ಬೆಳಗ್ಗೆ ಇಬ್ಬನಿ ಗಟ್ಟಿಯಾಗಿ ಬಿಳಿ ಕಟ್ಟಿತ್ತು. ಅದರ ಮೇಲೆ ಕಾಲಿಟ್ಟರೆ ಹುಲ್ಲು ಮುರಿದು ಕಪ್ಪಾಗುತ್ತದೆ, ಆದ್ದರಿಂದ ಬಿಸಿಲೇರುವವರೆಗೂ ಕಾದೆವು. ಐಲ್ಸಾ ಒಂದು ಹಿಡಿ ಹುಲ್ಲು ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಕಿತ್ತು ಬಂದರೆ ಇನ್ನೂ ಕಾಯಬೇಕು. ಬರಲಿಲ್ಲ. ನಮ್ಮ ಕಡೆ ನಾನು ಎಳೆದೆ, ಚಮಚದಲ್ಲಿ ನೆಟ್ಟದ್ದನ್ನೇ ಎಳೆದೆ. ಅದೂ ಬರಲಿಲ್ಲ. ಬೇರು ಬಿಟ್ಟಿದೆ.

"ನೀನು ಶುರು ಮಾಡು," ಅಂದಳು.

"ಮೋವರ್ ನಿಂದು."

"ಬೀಜ ನಿಂದು."

ಹಿಡಿ ಹಿಡಿದೆ. ಅರವತ್ತಾರು ವರ್ಷಕ್ಕೆ ಮೊದಲ ಸಲ. ತಳ್ಳಿದರೆ ಉರುಳೆ ಕಿರ್ ಅಂತ ತಿರುಗಿ, ಹುಲ್ಲಿನ ತುದಿ ಸಣ್ಣಗೆ ಎಗರಿ ಬೂಟಿನ ಮೇಲೆ ಬಿತ್ತು. ತುದಿ ಮಾತ್ರ, ಮೂರರಲ್ಲಿ ಒಂದು ಪಾಲು, ಅದಕ್ಕಿಂತ ಜಾಸ್ತಿ ಮೊದಲ ಸಲ ತೆಗೆಯಬಾರದು. ರಸ್ತೆಯಿಂದ ಮೆಟ್ಟಿಲವರೆಗೆ ಒಂದು ಸಾಲು, ತಿರುಗಿ ಇನ್ನೊಂದು. ಟಪಾಲು ಡಬ್ಬಿಯ ಗೆರೆ ಬಂತು. ನಿಲ್ಲಿಸುವುದು ಮರೆತು ಅವಳ ಕಡೆಗೂ ಒಂದು ಸಾಲು ಹೊಡೆದುಬಿಟ್ಟೆ.

"ಸಾಕು ಕೊಡು, ಎಲ್ಲಾ ನೀನೇ ಮಾಡಿಬಿಡ್ತೀಯ," ಅಂತ ಐಲ್ಸಾ ಹಿಡಿ ಕಿತ್ತುಕೊಂಡಳು. ಅವಳು ತಳ್ಳುವಾಗ ನನಗೆ ಕೈ ಕಡಿಯುತ್ತಿತ್ತು. ನನಗೆ ಇನ್ನೊಂದು ಸಾಲು ಬೇಕಿತ್ತು.

ಮುಗಿಸಿ ನಿಂತಾಗ ಎಲ್ಲಿಂದ ಯಾರದು ಅಂತ ಗೊತ್ತಾಗಲಿಲ್ಲ. ಚಳಿಗಾಲ ಹತ್ತಿರ ಬಂದಿತ್ತು, ದೂರದ ಬೆನ್ ಲೊಮಂಡ್ ಬೆಟ್ಟದ ಮೇಲೆ ಈ ವರ್ಷದ ಮೊದಲ ಹಿಮ ಕಾಣುತ್ತಿತ್ತು. ಕತ್ತರಿಸಿದ ಹುಲ್ಲಿನ ವಾಸನೆ ಕೈಗೆ ಹತ್ತಿತ್ತು, ಸೋಪು ಹಾಕಲಿಲ್ಲ.

ಡೆಸ್ ಅಡುಗೆಮನೆ ಕಿಟಕಿಯಲ್ಲಿ ವಾಕರ್ ಹಿಡಿದು ನಿಂತಿದ್ದ. ಯಾಕೆ ಅಷ್ಟು ಹೊತ್ತು ನಿಂತಿದ್ದನೋ, ಕಾಲು ನೋಯುವುದಿಲ್ಲವೇ. ಅವನಿಗೆ ಟೀ ಕೊಡುವುದು ಮರೆತೇ ಹೋಗಿತ್ತು.

ಮೇ 18, ಶನಿವಾರ

ನಲ್ಲಿಯ ಹತ್ತಿರದ ತೇಪೆ ಕೂಡಿಕೊಂಡಿದೆ. ದಾರಿ ಅಂಚಿನಲ್ಲಿ ಕಳೆ ಎದ್ದಿತ್ತು, ಕೈಯಲ್ಲೇ ಕಿತ್ತೆವು. ಐಲ್ಸಾಗೆ ಸ್ಪಂಜ್ ಹೇಗೆ ಮಾಡುವುದು ಅಂತ ಹೇಳಿಕೊಟ್ಟೆ. ಬರುವುದಿಲ್ಲ ಅಂದಳು, ಬರುವುದೂ ಇಲ್ಲ, ಅವಳಿಗೆ ತಾಳ್ಮೆ ಹುಲ್ಲಿನಲ್ಲಿ ಮಾತ್ರ.

ಮೇ 23, ಗುರುವಾರ

ಡೆಸ್ ವಾಕರ್ ಬಿಟ್ಟು ಕೋಲು ಹಿಡಿದಿದ್ದಾನೆ. ಸಣ್ಣಪುಟ್ಟ ಕೆಲಸ ಮಾಡಬಹುದು ಅಂತ ಡಾಕ್ಟರು ಹೇಳಿದರಂತೆ.

"ಈ ಶನಿವಾರದಿಂದ ಲಾನು ನಾನೇ ನೋಡ್ಕೋತೀನಿ. ನಿಮಗೆ ಯಾಕೆ ಕಷ್ಟ," ಅಂದ.

ಕಷ್ಟ ಅಂತ ಯಾರು ಹೇಳಿದರು? ಆ ಎಂಜಿನ್ ಮೋವರಿನ ಚಕ್ರ ನಾವು ಚಮಚದಲ್ಲಿ ನೆಟ್ಟ ಹುಲ್ಲಿನ ಮೇಲೆ ಹರಿಯುವುದನ್ನು ನೆನೆದರೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಅವನಿಗೆ ಈ ಹುಲ್ಲಿನ ಬಗ್ಗೆ ಏನು ಗೊತ್ತು, ಅದು ಬೆಳೆಯುವಾಗ ಮಲಗಿದ್ದವನಿಗೆ.

ಐಲ್ಸಾಗೆ ಹೇಳಿದೆ.

"ನಾಳೆ ಶುಕ್ರವಾರ," ಅಂದಳು.

ಮೇ 25, ಶನಿವಾರ

ಡೆಸ್ ಬೆಳಗ್ಗೆಯೇ ಎದ್ದು, ಟೋಪಿ ಹಾಕಿಕೊಂಡು, ಕೋಲೂರಿ ಒಂದೊಂದೇ ಮೆಟ್ಟಿಲು ಇಳಿದ. ಕೆಳಗೆ ನಿಂತು ನೋಡಿದ. ಎರಡೂ ಕಡೆ ನಿನ್ನೆಯೇ ಕತ್ತರಿಸಿ, ಗುಡಿಸಿ, ಅಂಚು ತೀಡಿಟ್ಟಿದ್ದೆವು. ಕೋಲಿನ ತುದಿಯಿಂದ ಹುಲ್ಲನ್ನು ಮೆಲ್ಲಗೆ ಮುಟ್ಟಿದ.

"ಇನ್ನೂ ಒಂದು ವಾರ ಬಿಡಬಹುದಿತ್ತು," ಅಂದ.

"ಚಳಿ ಜೋರಾಗೋ ಮುಂಚೆ ಆಗಬೇಕಿತ್ತು," ಅಂದೆ.

ಟೋಪಿ ತೆಗೆದು ಒಳಗೆ ಹೋದ.

ಜೂನ್ 8, ಶನಿವಾರ

ಚಳಿ ಜೋರಾಗಿದೆ. ಹುಲ್ಲು ನಿಧಾನವಾಗಿ ಬೆಳೆಯುತ್ತಿದೆ. ಇವತ್ತು ಕತ್ತರಿಸಿದರೆ ಇನ್ನು ವಸಂತ ಬರುವವರೆಗೆ ಹೆಚ್ಚು ಕೆಲಸವಿಲ್ಲ.

ನಾನು ಅರ್ಧ ಮುಗಿಸಿದ್ದೆ. ಡೆಸ್ ಬಂದು ದಾರಿಯ ಮೇಲೆ ನಿಂತ. ಹುಲ್ಲಿನ ಮೇಲೆ ಕಾಲಿಡಲಿಲ್ಲ, ಯಾರೂ ಬೇಡ ಅಂದಿರಲಿಲ್ಲ.

"ಒಂದು ಸಾಲು ನಾನು ಹೊಡೀಲಾ?" ಅಂದ.

ಐಲ್ಸಾ ನನ್ನನ್ನು ನೋಡಿದಳು. ನನಗೆ ಕೊಡಲು ಮನಸ್ಸಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಅವನು ಕೇಳಿದ ರೀತಿ ಒಂಥರಾ ಇತ್ತು. ಹಿಡಿ ಅವನ ಕೈಗೆ ಕೊಟ್ಟು ಕೋಲು ನಾನು ಹಿಡಿದುಕೊಂಡೆ.

"ಹಗುರವಾಗಿ ತಳ್ಳು, ಒತ್ತಬೇಡ," ಅಂದೆ.

"ನಂಗೆ ಹೇಳಿಕೊಡ್ತೀಯಾ?"

"ಹೌದು."

ಟಪಾಲು ಡಬ್ಬಿಯಿಂದ ನಲ್ಲಿಯವರೆಗೆ ಒಂದೇ ಸಾಲು ಹೊಡೆದ. ಒಂದು ಕಡೆ ಭಾರ ಬಿದ್ದು ಸಾಲು ಸೊಟ್ಟ ಹೋಯಿತು. ಮುಗಿಸಿದಾಗ ಏದುಸಿರು ಬರುತ್ತಿತ್ತು, ಕಿವಿಯವರೆಗೆ ನಗು ಇತ್ತು. "ಚೆನ್ನಾಗಿದೆ ಡೆಸ್," ಅಂತ ಐಲ್ಸಾ ಅಂದಳು. ಕಾಲು ನೋಯುವಷ್ಟು ಹೊತ್ತು ಅವನ ಮಾತನ್ನೂ ಕೇಳಿದಳು.

ಅವನು ಒಳಗೆ ಹೋದ ಮೇಲೆ ನಾನು ಉಳಿದದ್ದನ್ನು ಮುಗಿಸಿದೆ. ಸೊಟ್ಟ ಸಾಲನ್ನು ಸರಿ ಮಾಡಬೇಕು ಅಂತ ಮೋವರ್ ತಿರುಗಿಸಿದವಳು, ಹಾಗೇ ಬಿಟ್ಟೆ. ಆಮೇಲೆ ಐಲ್ಸಾ ಜೊತೆ ನಿಂತು ಮಾತಾಡಿದೆ. ವಸಂತಕ್ಕೆ ಗೊಬ್ಬರ ಯಾವುದು, ಮರದ ನೆರಳು ಬೀಳುವ ಮೂಲೆಗೆ ಬೇರೆ ಬೀಜ ಹಾಕಬೇಕೇ, ಇಂಥವೇ. ಒಳಗೆ ಬಂದಾಗ ಡೆಸ್ ಕಿಟಕಿಯ ಹತ್ತಿರ ನಿಂತಿದ್ದ. ಮೇಜಿನ ಮೇಲೆ ನನಗೆ ಅಂತ ಮಾಡಿಟ್ಟಿದ್ದ ಟೀ ಆರಿ ಕೆನೆಗಟ್ಟಿತ್ತು.

"ಏನು ಮಾತಾಡ್ತೀರಿ ಅಷ್ಟು ಹೊತ್ತು?" ಅಂದ.

"ಹುಲ್ಲಿನ ಬಗ್ಗೆ," ಅಂದೆ.

ಅವನು ನಂಬಲಿಲ್ಲ.